ಕೌದಿ ಹೊಲಿಯಲು ಲಾಂಗ್‌ಆರ್ಮ್ ಯಂತ್ರ ಕೊಳ್ಳಲೇಬೇಕೇ?

ಸಾರಾಂಶ

‘ಲಾಂಗ್‌ಆರ್ಮ್ ಕ್ವಿಲ್ಟಿಂಗ್ ಯಂತ್ರ ಕೊಂಡರೆ ಮನೆಯಲ್ಲೇ ಕುಳಿತು ಕೈತುಂಬ ಸಂಪಾದನೆ’ ಎಂಬಂಥ ಮಾತು ವಾಟ್ಸ್ಆ್ಯಪ್‌ನಲ್ಲಿ ಕಂಡರೆ ನಂಬಬಹುದೇ? ನಾವು ಪರಿಶೀಲಿಸಿದಾಗ ಇದು ಅರ್ಧ ಸತ್ಯ ಎಂದು ತಿಳಿಯಿತು.

ಈ ಯಂತ್ರ ಏನು ಮಾಡುತ್ತದೆ?

ಮಾಮೂಲಿ ಹೊಲಿಗೆ ಯಂತ್ರದಲ್ಲಿ ನಾವು ಬಟ್ಟೆಯನ್ನು ತಳ್ಳುತ್ತೇವೆ. ಲಾಂಗ್‌ಆರ್ಮ್‌ನಲ್ಲಿ ಬಟ್ಟೆ ಚೌಕಟ್ಟಿನಲ್ಲಿ ಬಿಗಿಯಾಗಿರುತ್ತದೆ, ಯಂತ್ರವೇ ಹಳಿಯ ಮೇಲೆ ಓಡಾಡುತ್ತದೆ. ಸೂಜಿಯ ಹಿಂದಿನ ಜಾಗ ಮನೆಯ ಯಂತ್ರಗಳಲ್ಲಿ ಸುಮಾರು 6ರಿಂದ 9 ಇಂಚು. ಇಲ್ಲಿ 18 ಇಂಚು ಅಥವಾ ಹೆಚ್ಚು. ಹಾಗಾಗಿ ದೊಡ್ಡ ಹೊದಿಕೆಯನ್ನು ಮಡಚಿ ತುರುಕಬೇಕಿಲ್ಲ. ಆದರೆ ಇದು ಪದರಗಳನ್ನು ಸೇರಿಸಿ ಹೊಲಿಯುತ್ತದೆ ಅಷ್ಟೆ. ತುಂಡುಗಳನ್ನು ಜೋಡಿಸುವ ಕೆಲಸಕ್ಕೆ ಮಾಮೂಲಿ ಯಂತ್ರ ಬೇಕೇ ಬೇಕು.

ಕೊಳ್ಳುವ ಮೊದಲು ಏನು ನೋಡಬೇಕು?

ಜಾಗ: ಚೌಕಟ್ಟೇ 10ರಿಂದ 12 ಅಡಿ ಉದ್ದವಿರಬಹುದು. ಸುತ್ತ ಓಡಾಡಲೂ ಜಾಗ ಬೇಕು.

ಕರೆಂಟ್: ಸಿಂಗಲ್ ಫೇಸ್‌ನಲ್ಲಿ ಓಡುತ್ತದೆಯೇ ಕೇಳಿ. ತೋಟದ ಪಂಪ್‌ಸೆಟ್‌ಗೆ ಕೊಟ್ಟ ವಿದ್ಯುತ್ತನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ.

ಬಟ್ಟೆ: ನಮ್ಮ ಕೌದಿಗೆ ಹಳೇ ಸೀರೆ, ಪಂಚೆಗಳ ಪದರ ಹಾಕುತ್ತೇವೆ. ದಪ್ಪ ಒಂದೇ ಸಮ ಇರುವುದಿಲ್ಲ, ಸೂಜಿ ಮುರಿಯಬಹುದು. ನಿಮ್ಮದೇ ಬಟ್ಟೆ ಒಯ್ದು ಹೊಲಿದು ನೋಡಿ.

ರಿಪೇರಿ: ಕಿಬ್ಬನಹಳ್ಳಿಗೋ ತಿಪಟೂರಿಗೋ ಮೆಕ್ಯಾನಿಕ್ ಬರುತ್ತಾರೆಯೇ, ಬಿಡಿಭಾಗ ಎಷ್ಟು ದಿನದಲ್ಲಿ ಸಿಗುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಲೆಕ್ಕ ಹೇಗೆ ಹಾಕಬೇಕು?

ಯಂತ್ರಕ್ಕೆ ₹5 ಲಕ್ಷ, ಒಂದು ಹೊದಿಕೆಗೆ ಖರ್ಚು ಕಳೆದು ಉಳಿಯುವುದು ₹250 ಎಂದುಕೊಳ್ಳಿ. ಅಸಲು ಬರಲು 2,000 ಹೊದಿಕೆ ಹೊಲಿಯಬೇಕು. ದಿನಕ್ಕೆ ಎರಡರಂತೆ ವರ್ಷಕ್ಕೆ 250 ದಿನ ದುಡಿದರೂ ನಾಲ್ಕು ವರ್ಷ. ಸಾಲ ಮಾಡಿದ್ದರೆ ಬಡ್ಡಿ ಬೇರೆ. ಕೊಬ್ಬರಿ ಮಾರಿದ ದುಡ್ಡು ಹಾಕುವ ಮುನ್ನ ದಿನಕ್ಕೆ ಎರಡು ಆರ್ಡರ್ ಬರುತ್ತವೆಯೇ ಎಂದು ಕೇಳಿಕೊಳ್ಳಿ. ಮನೆಮಂದಿಗಾಗಿ ವರ್ಷಕ್ಕೆ ನಾಲ್ಕೈದು ಕೌದಿ ಹೊಲಿಯುವವರಿಗೆ ಕೈಸೂಜಿ ಅಥವಾ ಈಗಿರುವ ಯಂತ್ರವೇ ಸಾಕು.

ಕೈಹೊಲಿಗೆಗೆ ಬೆಲೆ ಇಲ್ಲವೇ?

ಇದೆ. ಯಲ್ಲಾಪುರ, ಹಳಿಯಾಳ ಭಾಗದ ಸಿದ್ದಿ ಮಹಿಳೆಯರ ಕೌದಿಗಳಿಗೆ ಹೆಸರು ಬಂದಿರುವುದೇ ಕೈಹೊಲಿಗೆಯಿಂದ. ಯಂತ್ರದಲ್ಲಿ ಹೊಲಿದದ್ದನ್ನು ‘ಕೈಕಸೂತಿ’ ಎಂದು ಮಾರುವುದು ಗಿರಾಕಿಗೆ ಮೋಸ.

ಸರ್ಕಾರ ಯಂತ್ರ ಉಚಿತವಾಗಿ ಕೊಡುತ್ತದೆಯೇ?

‘ಕೇಂದ್ರದಿಂದ ಎಲ್ಲ ಮಹಿಳೆಯರಿಗೂ ಉಚಿತ ಹೊಲಿಗೆ ಯಂತ್ರ’ ಎಂಬ ಸಂದೇಶವನ್ನು ಪಿಐಬಿ ಫ್ಯಾಕ್ಟ್ ಚೆಕ್ ಸುಳ್ಳೆಂದು ಹೇಳಿದೆ. ನಿಜವಾಗಿ ಇರುವುದು 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ. ಅದರ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ಅರ್ಹರಿಗೆ ಉಪಕರಣಕ್ಕೆ ₹15,000ದವರೆಗೆ ನೆರವು, ಶೇ 5ರ ಬಡ್ಡಿಗೆ ಮೊದಲ ಕಂತಿನಲ್ಲಿ ₹1 ಲಕ್ಷದವರೆಗೆ ಸಾಲ ಉಂಟು. ಈ ನೆರವಿನಲ್ಲಿ ಮಾಮೂಲಿ ಯಂತ್ರ ಬರಬಹುದು, ಲಾಂಗ್‌ಆರ್ಮ್ ಬಾರದು. ನೋಂದಣಿಗೆ ಶುಲ್ಕ ಕೇಳುವ ಲಿಂಕ್ ಬಂದರೆ ಒತ್ತಬೇಡಿ, ಮುಂದಕ್ಕೂ ಕಳಿಸಬೇಡಿ.

ತೀರ್ಮಾನ

ಯಂತ್ರ ಒಳ್ಳೆಯದೇ, ಆದರೆ ಸಂಪಾದನೆ ತರುವುದು ಆರ್ಡರ್. ಮೊದಲು ಗಿರಾಕಿ, ಆಮೇಲೆ ಯಂತ್ರ.