ಬಾಲಸಖಿ ಯಾವ ತರಗತಿಗೆ?

2001ರಲ್ಲಿ ಗುಜರಾತಿನ ವಡೋದರಾ ನಗರಪಾಲಿಕೆಯ 98 ಶಾಲೆಗಳ ಮುಂದೆ ಒಂದು ಹಂಚಿಕೆಯ ಸಮಸ್ಯೆ ಬಂತು. ಹಿಂದುಳಿದ ಮಕ್ಕಳಿಗೆ ಪಾಠ ಹೇಳಲು ಶಾಲೆಗೊಬ್ಬ ‘ಬಾಲಸಖಿ’ಯನ್ನು ಕೊಡುವಷ್ಟು ಹಣವಿತ್ತು. ಆದರೆ ಮೂರನೆಯ ತರಗತಿಗೂ ಬೇಕು, ನಾಲ್ಕನೆಯದಕ್ಕೂ ಬೇಕು. ಇರುವವಳು ಒಬ್ಬಳೇ. ಕೊನೆಗೆ ಚೀಟಿ ಎತ್ತುವ ಮಾದರಿಯಲ್ಲೇ ತೀರ್ಮಾನವಾಯಿತು: ಅರ್ಧ ಶಾಲೆಗಳಲ್ಲಿ ಮೂರನೆಯ ತರಗತಿಗೆ, ಉಳಿದರ್ಧದಲ್ಲಿ ನಾಲ್ಕನೆಯ ತರಗತಿಗೆ, ಮರುವರ್ಷ ಅದಲುಬದಲು. ಯಾವ ಶಾಲೆಯೂ ಬರಿಗೈಯಲ್ಲಿ ಉಳಿಯಲಿಲ್ಲ. ಕಾರ್ಪೊರೇಟರ್ ಶಿಫಾರಸಿಗಾಗಲಿ, ಮುಖ್ಯೋಪಾಧ್ಯಾಯರ ವಶೀಲಿಗಾಗಲಿ ಜಾಗವಿರಲಿಲ್ಲ.

ಈ ಬಾಲಸಖಿ ಯೋಜನೆ ಹುಟ್ಟಿದ್ದು ಮುಂಬೈಯಲ್ಲಿ. 1990ರ ದಶಕದ ನಡುವೆ ಮಾಧವ ಚವಾಣ್ ಮತ್ತು ಫರೀದಾ ಲಾಂಬೆ ಅಲ್ಲಿ ‘ಪ್ರಥಮ್’ ಸಂಸ್ಥೆ ಕಟ್ಟಿದರು. ಮರಾಠಿ, ಉರ್ದು, ಹಿಂದಿಯಷ್ಟೇ ಅಲ್ಲ, ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿಕೊಂಡು ಬಂದ ಮಹಾನಗರಪಾಲಿಕೆ ಮುಂಬೈಯದು. ಶಾಲೆಗಳಿದ್ದವು, ಮಕ್ಕಳೂ ಬರುತ್ತಿದ್ದರು. ಮೂರು ವರ್ಷ ಬೆಂಚಿನ ಮೇಲೆ ಕೂತರೂ ಅನೇಕರಿಗೆ ಅಕ್ಷರ ಹತ್ತಿರಲಿಲ್ಲ. ವಡೋದರಾದಲ್ಲಿ ಪರೀಕ್ಷಿಸಿದಾಗಲಂತೂ ಮೂರನೆಯ ತರಗತಿಯ ಮಕ್ಕಳಲ್ಲಿ ಒಂದನೆಯ ತರಗತಿಯ ಲೆಕ್ಕ ಬಿಡಿಸಬಲ್ಲವರು ನೂರಕ್ಕೆ 19.5 ಮಂದಿ ಮಾತ್ರ. ಟೀಚರಿಗೆ ಪೋರ್ಷನ್ ಮುಗಿಸುವ ಚಿಂತೆ. ಮುಂದಿನ ಸಾಲಿನ ನಾಲ್ಕು ಮಕ್ಕಳು ತಲೆಯಾಡಿಸಿದರೆ ಪಾಠ ಮುಂದಕ್ಕೆ ಹೋಗುತ್ತಿತ್ತು.

1998ರಲ್ಲಿ ಮುಂಬೈಯಲ್ಲಿ, ಮರುವರ್ಷ ವಡೋದರಾದಲ್ಲಿ ಈ ಯೋಜನೆ ಶುರುವಾಯಿತು. ಬಾಲಸಖಿಯೆಂದರೆ ಅದೇ ಬಡಾವಣೆಯ, ಸ್ವಲ್ಪ ಓದಿದ ಹುಡುಗಿ. ಬಿ.ಎಡ್. ಇಲ್ಲ, ಟಿ.ಸಿ.ಎಚ್. ಇಲ್ಲ, ವರ್ಷದ ಆರಂಭದಲ್ಲಿ ಎರಡು ವಾರದ ತರಬೇತಿ, ಅಷ್ಟೇ. ದಿನಕ್ಕೆ ಎರಡು ಗಂಟೆ, ಶಾಲೆಯ ವೇಳೆಯಲ್ಲೇ, ಹದಿನೈದಿಪ್ಪತ್ತು ಮಕ್ಕಳನ್ನು ತರಗತಿಯಿಂದ ಹೊರಗೆ ಕರೆದೊಯ್ದು ಅಕ್ಷರ, ಪದ, ಕೂಡುವ-ಕಳೆಯುವ ಲೆಕ್ಕ ಕಲಿಸುತ್ತಿದ್ದಳು. ಕೋಣೆ ಖಾಲಿಯಿದ್ದರೆ ಕೋಣೆಯಲ್ಲಿ, ಇಲ್ಲವಾದರೆ ಆಟದ ಬಯಲಿನಲ್ಲಿ ಅಥವಾ ಕಾರಿಡಾರಿನಲ್ಲಿ. ತಿಂಗಳಿಗೆ ಆಕೆಯ ಕೈಗೆ ಬರುತ್ತಿದ್ದುದು 500ರಿಂದ 750 ರೂಪಾಯಿ.

ಚೀಟಿ ಹಂಚಿಕೆಯಿಂದ ಇನ್ನೊಂದು ಅನುಕೂಲವಾಯಿತು. ಬಾಲಸಖಿ ಸಿಕ್ಕ ತರಗತಿಯನ್ನೂ ಸಿಗದ ತರಗತಿಯನ್ನೂ ಪಕ್ಕಪಕ್ಕದಲ್ಲಿಟ್ಟು ಅಳೆಯಬಹುದಿತ್ತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ಶಾನ್ ಕೋಲ್, ಲೀ ಲಿಂಡನ್ ಮಾಡಿದ್ದು ಇದನ್ನೇ; ಅವರ ವರದಿ ಅಚ್ಚಾದದ್ದು 2007ರಲ್ಲಿ. ಅಂಕಗಳು ಏರಿದ್ದವು, ಎರಡನೆಯ ವರ್ಷದ ಏರಿಕೆ ಮೊದಲ ವರ್ಷದ ಎರಡರಷ್ಟಿತ್ತು. ಕುತೂಹಲದ ಅಂಶ ಬೇರೆಯೇ ಇದೆ. ಹಿಂದುಳಿದವರು ಹೊರಗೆ ಹೋದಾಗ ತರಗತಿಯಲ್ಲಿ ಉಳಿದವರಿಗೆ ಗುಂಪು ಸಣ್ಣದಾಯಿತಲ್ಲ, ಟೀಚರ ಗಮನ ಹೆಚ್ಚು ಸಿಕ್ಕಿರಬೇಕಲ್ಲ? ಅವರ ಕಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಫಲ ಸಿಕ್ಕಿದ್ದು ಬಾಲಸಖಿಯ ಜೊತೆ ಹೊರಗೆ ಹೋದವರಿಗೆ. ತರಗತಿಯಲ್ಲಿ ತಲೆ ಎಣಿಕೆ ಇಳಿಸಿದರೆ ಸಾಕು ಎಂದು ನಂಬಿದವರಿಗೆ ಇದು ಕಹಿ ಗುಳಿಗೆ. ಯೋಜನೆಯಿಂದ ಹೊರಬಂದ ಒಂದು ವರ್ಷಕ್ಕೆ ಗಳಿಕೆಯ ದೊಡ್ಡ ಪಾಲು ಕರಗಿತ್ತು ಎಂಬುದನ್ನೂ ಅದೇ ವರದಿ ಮುಚ್ಚಿಡದೆ ಹೇಳಿತು.

ಖರ್ಚು ಮಗುವಿಗೆ ವರ್ಷಕ್ಕೆ ಎರಡೂಕಾಲು ಡಾಲರ್, ಅಂದಿನ ಲೆಕ್ಕದಲ್ಲಿ ನೂರು ರೂಪಾಯಿಯ ಆಸುಪಾಸು. ವಡೋದರಾದಲ್ಲೇ ಕಂಪ್ಯೂಟರ್ ಮೂಲಕ ಗಣಿತ ಕಲಿಸುವ ಪ್ರಯೋಗವೂ ಒಳ್ಳೆಯ ಫಲ ಕೊಟ್ಟಿತ್ತು, ಆದರೆ ಅದಕ್ಕೆ ಮಗುವಿಗೆ 15 ಡಾಲರ್ ಬೇಕಾಯಿತು. ಈ ಅಗ್ಗದ ಲೆಕ್ಕವನ್ನು ಮೆಚ್ಚುವಾಗ ಒಂದು ಮಾತು ಸೇರಿಸಲೇಬೇಕು: ಅಗ್ಗವಾದದ್ದು ಹುಡುಗಿಯರ ದುಡಿಮೆ. ಹೆಚ್ಚಿನ ಬಾಲಸಖಿಯರು ವರ್ಷದೊಪ್ಪತ್ತಿನಲ್ಲಿ ಕೆಲಸ ಬಿಡುತ್ತಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಮುಂದೆ ಪ್ರಥಮ್ ಹಳ್ಳಿಗಳತ್ತ ಹೊರಳಿತು. ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಶಾಲೆಯ ಹೊರಗೆ ಸ್ವಯಂಸೇವಕರ ಓದಿನ ತರಗತಿಗಳು ನಡೆದವು. ಬಂದ ಮಕ್ಕಳು ಓದು ಕಲಿತರು. ಆದರೆ ಓದು ಬಾರದವರಲ್ಲಿ ಬಂದವರು ನೂರಕ್ಕೆ ಸುಮಾರು 13. ಹಾಗಾಗಿ ಮತ್ತೆ ಶಾಲೆಯೊಳಕ್ಕೇ ಬರಬೇಕಾಯಿತು. 2008ರ ನಂತರ ಉತ್ತರಾಖಂಡದಲ್ಲಿ ನಡೆದದ್ದು ಇನ್ನೂ ಪಾಠ ಕಲಿಸುವಂಥದ್ದು. ಹೆಚ್ಚುವರಿಯಾಗಿ ಬಂದ ಸ್ವಯಂಸೇವಕರನ್ನು ಶಾಲೆಗಳು ಮಾಮೂಲಿ ಟೀಚರುಗಳಂತೆಯೇ ದುಡಿಸಿಕೊಂಡವು, ಓದು ಬಾರದ ಮಗು ಇದ್ದಲ್ಲೇ ಉಳಿಯಿತು. ಹರಿಯಾಣ 2012ರಲ್ಲಿ ಬೇರೆ ದಾರಿ ಹಿಡಿಯಿತು. ಹೊಸಬರನ್ನು ನೇಮಿಸಲಿಲ್ಲ. 400 ಶಾಲೆಗಳ ಅಧ್ಯಯನದಲ್ಲಿ, ಅರ್ಧದಷ್ಟು ಶಾಲೆಗಳು ದಿನಕ್ಕೊಂದು ಗಂಟೆಯನ್ನು ಮೀಸಲಿಟ್ಟು, ತರಗತಿಯ ಗೋಡೆ ಮರೆತು, ಓದಿನ ಮಟ್ಟಕ್ಕೆ ತಕ್ಕಂತೆ ಮಕ್ಕಳನ್ನು ಗುಂಪು ಮಾಡಿದವು. ಅದೇ ಟೀಚರುಗಳು, ಅದೇ ಸಂಬಳ. ಹಿಂದಿ ಓದು ಸುಧಾರಿಸಿತು. ಮರುವರ್ಷ ಉತ್ತರ ಪ್ರದೇಶದಲ್ಲಿ ಹತ್ತು ಅಥವಾ ಇಪ್ಪತ್ತು ದಿನಗಳ ಶಿಬಿರಗಳು ನಡೆದ ಶಾಲೆಗಳಲ್ಲಿ ಅರ್ಧದಷ್ಟು ಮಕ್ಕಳು ಪ್ಯಾರಾ ಅಥವಾ ಕಥೆ ಓದುವ ಮಟ್ಟಕ್ಕೆ ಬಂದರೆ, ಶಿಬಿರವಿಲ್ಲದ ಶಾಲೆಗಳಲ್ಲಿ ಹಾಗೆ ಓದಬಲ್ಲವರು ಕಾಲುಭಾಗ.

ಬ್ಯಾನರ್ಜಿ, ಡುಫ್ಲೋ ಅವರಿಗೆ 2019ರಲ್ಲಿ ಮೈಕೆಲ್ ಕ್ರೆಮರ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಮಟ್ಟಕ್ಕೆ ತಕ್ಕಂತೆ ಕಲಿಸುವ ಈ ದಾರಿ ಕರ್ನಾಟಕಕ್ಕೂ ‘ಓದು ಕರ್ನಾಟಕ’ದ ಹೆಸರಿನಲ್ಲಿ ಬಂದಿದೆ, ‘ಪರಿಹಾರ ಬೋಧನೆ’ ಎಂಬ ಮಾತು ನಮ್ಮ ಶಾಲೆಗಳಿಗೆ ಹೊಸದೇನಲ್ಲ. ಆದರೆ ನಮ್ಮಲ್ಲಿ ಹೆಚ್ಚುವರಿ ಕೈ ಎಂದರೆ ಅತಿಥಿ ಶಿಕ್ಷಕರು, ಅವರು ಬರುವುದು ಖಾಲಿ ಹುದ್ದೆ ತುಂಬಲು. ಉತ್ತರಾಖಂಡದ ಕಥೆ ಇಲ್ಲಿ ಮರುಕಳಿಸಲು ಅಷ್ಟು ಸಾಕು. ಇಲಾಖೆ ಎಷ್ಟು ಜನರನ್ನು ಕೊಟ್ಟರೂ, ಓದು ಬಾರದ ಮಕ್ಕಳಿಗೆಂದು ವೇಳಾಪಟ್ಟಿಯಲ್ಲಿ ಯಾರೂ ಕಿತ್ತುಕೊಳ್ಳಲಾಗದ ಒಂದು ಗಂಟೆಯನ್ನು ಮೊದಲು ಬರೆದುಕೊಡಲಿ.