ಹಾರದ ಹಕ್ಕಿ, ಹಾರಿಹೋದ ದುಡ್ಡು

ಬೆಂಗಳೂರಿನ ಲಿಂಗರಾಜಪುರದಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ಎಪಿಸೋಡ್ ರೆಕ್ಕೆ ಇದ್ರೂ ಹಾರೋಕೆ ಬಾರದ ದೊಡ್ಡ ಹಕ್ಕಿಗಳ ಬಗ್ಗೆ: ಆಸ್ಟ್ರಿಚ್ ಮತ್ತು ಎಮು. ಇದು ಕಾಡಿನ ಕಥೆ ಅಂದ್ಕೊಂಡು ಸ್ಕಿಪ್ ಮಾಡ್ಬೇಡಿ. ನಾನು ಓದಿದ್ದು ಬಿಕಾಂ. ಹಾಗಾಗಿ ಇದರಲ್ಲಿ ಲೆಕ್ಕಾಚಾರವೇ ಜಾಸ್ತಿ.

ಮೊದಲು ಹೆಸರು. ಆಸ್ಟ್ರಿಚ್‌ಗೆ ನಮ್ಮ ಪಠ್ಯಪುಸ್ತಕದಲ್ಲಿ ಉಷ್ಟ್ರಪಕ್ಷಿ ಅಂತ ಇರುತ್ತೆ. ಉಷ್ಟ್ರ ಅಂದ್ರೆ ಒಂಟೆ. ಪರ್ಷಿಯನ್‌ನಿಂದ ಹಿಂದಿ, ಉರ್ದುವಿಗೆ ಬಂದ ಶುತುರ್‌ಮುರ್ಗ್ ಅನ್ನೋ ಪದಕ್ಕೂ ಅರ್ಥ ಅದೇ, ಒಂಟೆ ಹಕ್ಕಿ. ವೈಜ್ಞಾನಿಕ ಹೆಸರು ಸ್ಟ್ರುಥಿಯೊ ಕ್ಯಾಮೆಲಸ್. ಅಲ್ಲೂ ಒಂಟೆಯೇ. ಉದ್ದ ಕತ್ತು, ಉದ್ದ ಕಾಲು, ಒಣ ನೆಲ, ಪಾದದಲ್ಲಿ ಎರಡೇ ಬೆರಳು. ನೋಡಿದವರಿಗೆಲ್ಲ ಒಂಟೆ ನೆನಪಾಗಿದ್ದರಲ್ಲಿ ಆಶ್ಚರ್ಯ ಇಲ್ಲ. ನೂರು ಕೆಜಿ ದಾಟೋ ಈ ಹಕ್ಕಿ ಗಂಟೆಗೆ 70 ಕಿ.ಮೀ. ವೇಗದಲ್ಲಿ ಓಡುತ್ತೆ. ಹೆಣ್ಣೂರು ಮೇನ್ ರೋಡಲ್ಲಿ ನಮ್ಮ ಬೈಕಿಗೆ ಆ ಸ್ಪೀಡ್ ಸಿಗೋದು ಮಧ್ಯರಾತ್ರಿ ಮಾತ್ರ.

ಇದು ಆಫ್ರಿಕಾದ ಪ್ರಾಣಿ ಅಂತ ನಾವೆಲ್ಲ ಕಲಿತಿದ್ದೀವಿ. ಆದ್ರೆ ಒಂದು ಕಾಲದಲ್ಲಿ ಭಾರತದಲ್ಲೂ ಇತ್ತು. ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಪಾಟ್ಣೆ ಅನ್ನೋ ಊರಲ್ಲಿ 1970ರ ದಶಕದಲ್ಲಿ ಉತ್ಖನನ ಮಾಡಿದಾಗ ಆಸ್ಟ್ರಿಚ್ ಮೊಟ್ಟೆಯ ಚಿಪ್ಪಿನಿಂದ ಮಾಡಿದ ಮಣಿಗಳು, ಗೀರು ಕೆತ್ತಿದ ಚಿಪ್ಪಿನ ಚೂರು ಸಿಕ್ಕವು. ವಯಸ್ಸು ಸುಮಾರು 25,000 ವರ್ಷ. 2017ರಲ್ಲಿ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ರಾಜಸ್ಥಾನ, ಮಧ್ಯಪ್ರದೇಶದ ಹಳೇ ಚಿಪ್ಪುಗಳ ಡಿಎನ್‌ಎ ನೋಡಿ, ಇವು ಆಫ್ರಿಕಾದ ಆಸ್ಟ್ರಿಚ್‌ನ ನೆಂಟರೇ ಅಂತ ಖಚಿತ ಮಾಡಿದರು. ಅಂದ್ರೆ ಈ ಹಕ್ಕಿಯಿಂದ ಮನುಷ್ಯ ಅಲಂಕಾರದ ಸಾಮಾನು ಮಾಡ್ಕೊಳ್ಳೋದು ತುಂಬಾ ಹಳೇ ಅಭ್ಯಾಸ.

ಈಗ ನೇರ ನಮ್ಮ ದಂಡು ಪ್ರದೇಶಕ್ಕೆ ಬರೋಣ. ಶಿವಾಜಿನಗರದಲ್ಲಿ ಬೌರಿಂಗ್ ಅಂಡ್ ಲೇಡಿ ಕರ್ಜನ್ ಆಸ್ಪತ್ರೆ ಇದೆ, ಅದರ ಹತ್ತಿರವೇ ಲೇಡಿ ಕರ್ಜನ್ ರೋಡೂ ಇದೆ. ಆಯಮ್ಮ ವೈಸರಾಯ್ ಲಾರ್ಡ್ ಕರ್ಜನ್ ಹೆಂಡತಿ. ಅವರ ಕಾಲದಲ್ಲಿ ದೊಡ್ಡ ಮನೆತನದ ಹೆಂಗಸರ ಟೋಪಿ ಅಂದ್ರೆ ಗರಿಗಳ ಗುಡ್ಡೆ. ಲಂಡನ್ನಿನ ಹರಾಜಿಗಾಗಿ ಪ್ರಪಂಚದ ಎಲ್ಲಾ ಕಡೆ ಬೆಳ್ಳಕ್ಕಿ, ಮಿಂಚುಳ್ಳಿಗಳನ್ನ ಕೊಲ್ತಾ ಇದ್ರು. 1902ರಲ್ಲಿ, ಕರ್ಜನ್ ಆಡಳಿತದಲ್ಲೇ, ಕಾಡುಹಕ್ಕಿಗಳ ಚರ್ಮ ಮತ್ತು ಗರಿ ರಫ್ತು ಮಾಡೋದನ್ನ ಬ್ರಿಟಿಷ್ ಇಂಡಿಯಾ ನಿಷೇಧಿಸಿತು. ಆ ಆದೇಶದಲ್ಲಿ ಹೆಸರು ಹೇಳಿ ವಿನಾಯಿತಿ ಕೊಟ್ಟ ಹಕ್ಕಿ ಆಸ್ಟ್ರಿಚ್! ಯಾಕೆ ಅಂದ್ರೆ ಅಷ್ಟೊತ್ತಿಗೆ ಅದು ಬೇಟೆಯ ಹಕ್ಕಿ ಆಗಿ ಉಳಿದಿರಲಿಲ್ಲ, ಫಾರ್ಮಿನ ಹಕ್ಕಿ ಆಗಿತ್ತು. ಕುರಿಯಿಂದ ಉಣ್ಣೆ ತೆಗೆದ ಹಾಗೆ, ಕೊಲ್ಲದೇ ಗರಿ ಕತ್ತರಿಸಬಹುದು. ಮತ್ತೆ ಬೆಳೆಯುತ್ತೆ.

ಆ ಫಾರ್ಮುಗಳ ರಾಜಧಾನಿ ದಕ್ಷಿಣ ಆಫ್ರಿಕಾದ ಔಟ್ಸ್‌ಹೋರ್ನ್ ಅನ್ನೋ ಪಟ್ಟಣ. 1869ರಲ್ಲಿ ಆರ್ಥರ್ ಡಗ್ಲಸ್ ಅನ್ನೋ ರೈತ ಆಸ್ಟ್ರಿಚ್ ಮೊಟ್ಟೆಗೆ ಕಾವು ಕೊಡೋ ಯಂತ್ರ ಮಾಡಿದ ಮೇಲೆ ಧಂದೆ ಓಡಿತು. 1913ರ ಹೊತ್ತಿಗೆ ಆ ದೇಶದ ರಫ್ತಿನಲ್ಲಿ ಚಿನ್ನ, ವಜ್ರ, ಉಣ್ಣೆ ಬಿಟ್ರೆ ನಾಲ್ಕನೇ ಸ್ಥಾನ ಆಸ್ಟ್ರಿಚ್ ಗರಿಗೆ. ಗರಿ ದುಡ್ಡಲ್ಲಿ ಕಟ್ಟಿದ ಅರಮನೆಯಂಥ ಮನೆಗಳು ಅಲ್ಲಿ ಇವತ್ತಿಗೂ ನಿಂತಿವೆ. ಇನ್ನೂ ದಟ್ಟ ಗರಿಯ ತಳಿ ಬೇಕು ಅಂತ 1911ರಲ್ಲಿ ಸರ್ಕಾರವೇ ಸಹಾರಾ ಅಂಚಿಗೆ ಗುಟ್ಟಾಗಿ ಒಂದು ತಂಡ ಕಳಿಸಿ ನೂರಕ್ಕೂ ಹೆಚ್ಚು ಹಕ್ಕಿ ತರಿಸಿತು.

1914ಕ್ಕೆ ಎಲ್ಲಾ ಮುಗೀತು. ಹಕ್ಕಿಗಳು ಅತಿಯಾದವು, ಗರಿ ಬೆಲೆ ಇಳೀತು. ತೆರೆದ ಮೋಟಾರು ಕಾರು ಬಂತು, ಅದರಲ್ಲಿ ಕೂತ್ರೆ ದೊಡ್ಡ ಟೋಪಿ ನಿಲ್ಲಲ್ಲ. ಆಮೇಲೆ ಮಹಾಯುದ್ಧ. ಫ್ಯಾಷನ್ ಬದಲಾಯ್ತು, ಶ್ರೀಮಂತ ರೈತರು ದಿವಾಳಿ ಎದ್ದರು. ಇಲ್ಲಿ ಒಂದು ಮಾತು ನೆನಪಿಟ್ಕೊಳ್ಳಿ: ಔಟ್ಸ್‌ಹೋರ್ನ್‌ಗೆ ನಿಜವಾದ ಗಿರಾಕಿ ಇದ್ದ. ಗಿರಾಕಿ ಹೋದ, ಧಂದೆ ಬಿತ್ತು. ಮುಂದಿನ ಕಥೆ ಹಾಗಲ್ಲ.

ಎಮು ಆಸ್ಟ್ರೇಲಿಯಾದ್ದು. 1932ರಲ್ಲಿ ಅಲ್ಲಿನ ಸೈನಿಕರು ಮೆಷಿನ್‌ಗನ್ ಹಿಡಿದು ಎಮುಗಳ ಮೇಲೆ ಹೋಗಿ ಕೈಸುಟ್ಕೊಂಡ ಕಥೆ ನೀವು ಮೀಮ್‌ಗಳಲ್ಲಿ ನೋಡಿರ್ತೀರ. ಮೀಮ್‌ಗಳಲ್ಲಿ ಬರದ ವಿಷಯ ಹೇಳ್ತೀನಿ. ಹೆಣ್ಣು ಕಡು ಹಸಿರು ಮೊಟ್ಟೆ ಇಟ್ಟು ಹೋಗುತ್ತೆ, ಕಾವು ಕೊಡೋದು ಗಂಡು. ಸುಮಾರು ಎಂಟು ವಾರ ಹೆಚ್ಚುಕಡಿಮೆ ಊಟ ಬಿಟ್ಟು ಕೂರುತ್ತೆ.

1990ರ ದಶಕದಲ್ಲಿ ಈ ಹಕ್ಕಿ ಆಂಧ್ರಕ್ಕೆ ಬಂತು. ಅಲ್ಲಿಂದ ಮಹಾರಾಷ್ಟ್ರ, ಕರ್ನಾಟಕ, ತಮಿಳುನಾಡಿಗೆ ಹರಡಿತು. ಕೊಬ್ಬು ಕಮ್ಮಿ ಇರೋ ಮಾಂಸ, ಕೀಲು ನೋವಿಗೆ ಎಣ್ಣೆ, ಚರ್ಮ, ಗರಿ, ಎಲ್ಲದಕ್ಕೂ ಬೇಡಿಕೆ ಇದೆ ಅಂತ ಪ್ರಚಾರ ಆಯ್ತು. ಆದ್ರೆ ಹಕ್ಕಿ ಸಾಕಿದ ಬಹಳಷ್ಟು ಜನ ಮಾರಿದ್ದು ಮಾಂಸ ಅಲ್ಲ, ಮರಿ. ಯಾರಿಗೆ? ಹೊಸದಾಗಿ ಎಮು ಸಾಕೋಕೆ ಬಂದವರಿಗೆ. ಅವರು ಇನ್ನೊಬ್ಬ ಹೊಸಬನಿಗೆ. ತಿನ್ನೋರು ಯಾರು ಅಂತ ಕೇಳಿದವರು ಕಮ್ಮಿ. ಅಮೆರಿಕದಲ್ಲೂ ಅದೇ ದಶಕದಲ್ಲಿ ಇದೇ ಆಗಿತ್ತು. ಒಂದು ಜೋಡಿಗೆ ಸಾವಿರಾರು ಡಾಲರ್ ಬೆಲೆ ಇದ್ದದ್ದು ಕುಸಿದು, ರೈತರು ಹಕ್ಕಿಗಳನ್ನ ಹಾಗೇ ಬಿಟ್ಟುಬಿಟ್ಟರು.

ತಮಿಳುನಾಡಲ್ಲಿ ಇದು ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ಈರೋಡ್ ಜಿಲ್ಲೆಯ ಪೆರುಂದುರೈನ ಸುಸಿ ಎಮು ಫಾರ್ಮ್ಸ್ ಹಕ್ಕಿಯನ್ನ ಸ್ಕೀಮ್ ಮಾಡಿತು. ನಮ್ಮ ಲಿಂಗರಾಜಪುರದಲ್ಲಿ ಎಷ್ಟೋ ಮನೆಗಳಲ್ಲಿ ಟಿವಿ ತಮಿಳಲ್ಲೇ ಓಡೋದು. ನಾನಾಗ ಹೈಸ್ಕೂಲು. ಸಿನಿಮಾದವರು ಎಮು ಬಗ್ಗೆ ಹೇಳೋ ಜಾಹೀರಾತು ಸೀರಿಯಲ್ ಮಧ್ಯೆ ಬರ್ತಾ ಇತ್ತು. ಸ್ಕೀಮ್ ಹೀಗೆ: ಒಂದೂವರೆ ಲಕ್ಷ ಕಟ್ಟಿ. ಆರು ಮರಿ, ಶೆಡ್ಡು, ಮೇವು ಕಂಪನಿಯದ್ದು. ತಿಂಗಳಿಗೆ 6,000, ವರ್ಷಕ್ಕೆ 20,000 ಬೋನಸ್. ಎರಡು ವರ್ಷಕ್ಕೆ ಅಸಲು ವಾಪಸ್. ಹಕ್ಕಿ ಮುಖಾನೂ ನೋಡೋದು ಬೇಡ ಅನ್ನೋರಿಗೆ ಕಂಪನಿಯೇ ಸಾಕ್ಕೊಳ್ಳೋ ಇನ್ನೊಂದು ಸ್ಕೀಮ್.

ಫೋನಲ್ಲಿ ಕ್ಯಾಲ್ಕುಲೇಟರ್ ತೆಗೀರಿ. ತಿಂಗಳಿಗೆ 6,000 ಅಂದ್ರೆ ವರ್ಷಕ್ಕೆ 72,000. ಬೋನಸ್ ಸೇರಿ 92,000. ಒಂದೂವರೆ ಲಕ್ಷದ ಮೇಲೆ ಇದು ನೂರಕ್ಕೆ 61. ಆಗ ಬ್ಯಾಂಕ್ ಎಫ್‌ಡಿಗೆ 9ರ ಆಸುಪಾಸು ಬಡ್ಡಿ. ಎರಡು ವರ್ಷಕ್ಕೆ ಅಸಲು ಬಿಟ್ಟು ಕಂಪನಿ ಕೊಡಬೇಕಾದ್ದು 1,84,000. ಈಗ ಹಕ್ಕಿ ಕಡೆ ನೋಡಿ. ಒಂದು ಎಮುವಿನಲ್ಲಿ 25 ಕೆಜಿ ಮಾಂಸ ಅಂತ ಇಟ್ಕೊಳ್ಳಿ, ಆರಕ್ಕೆ 150 ಕೆಜಿ. ಮಾಂಸದಿಂದಲೇ ಆ ದುಡ್ಡು ಹುಟ್ಟಬೇಕು ಅಂದ್ರೆ ಕೆಜಿಗೆ 1,200ಕ್ಕೂ ಮೇಲೆ ಮಾರಬೇಕು. ಮೇವು, ಶೆಡ್ಡು, ಜಾಹೀರಾತಿನ ಖರ್ಚು ಇನ್ನೂ ಹಿಡಿದಿಲ್ಲ. ರಸೆಲ್ ಮಾರ್ಕೆಟ್ಟಲ್ಲಿ ಮಟನ್ ಕೊಳ್ಳೋಕೇ ಚೌಕಾಶಿ ಮಾಡೋ ನಮ್ಮ ಜನ, ಅದರ ಎರಡು ಮೂರು ಪಟ್ಟು ಕೊಟ್ಟು ಎಮು ತಿಂತಾರಾ? ಎಣ್ಣೆ, ಚರ್ಮದ ಆದಾಯ ಸೇರಿಸಿದರೂ ಈ ಲೆಕ್ಕ ಕೂಡಿಬರೋದು ಕಷ್ಟ. ಹಾಗಿದ್ರೆ ತಿಂಗಳ 6,000 ಬಂದಿದ್ದು ಎಲ್ಲಿಂದ? ನಿಮ್ಮ ನಂತರ ದುಡ್ಡು ಕಟ್ಟಿದವನಿಂದ.

2012ರ ಆಗಸ್ಟ್‌ನಲ್ಲಿ ಹೊಸಬರು ನಿಂತರು, ಸ್ಕೀಮೂ ನಿಂತಿತು. ಸಾವಿರಾರು ಕುಟುಂಬಗಳು ಪೊಲೀಸ್ ಠಾಣೆ ಮುಂದೆ ಸಾಲು ನಿಂತವು. ಮಾಲೀಕನಿಗೆ ಮುಂದೆ ಕೊಯಮತ್ತೂರಿನ ವಿಶೇಷ ನ್ಯಾಯಾಲಯ 10 ವರ್ಷ ಜೈಲು ವಿಧಿಸಿತು.

ಹಕ್ಕಿಗಳ ಕಥೆ? ಮೇವು ಹಾಕೋರಿಲ್ಲದೆ ಶೆಡ್ಡುಗಳಲ್ಲೇ ಸಾಯತೊಡಗಿದವು. ಕೊನೆಗೆ ಸರ್ಕಾರದ ಪಶುಸಂಗೋಪನಾ ಇಲಾಖೆ ಮೇವು ಹಾಕಬೇಕಾಯ್ತು. ಹೊರದೇಶದ ಹಕ್ಕಿ, ಕಾಡಿಗೆ ಬಿಡೋ ಹಾಗಿಲ್ಲ. ಕೊಳ್ಳೋರೂ ಇಲ್ಲ. ಎಂಟು ವಾರ ಹಸಿದು ಮೊಟ್ಟೆ ಕಾಯೋ ಆ ಹಕ್ಕಿಗೆ, ತಾನು ಯಾರದೋ ಬಾಂಡ್ ಪೇಪರ್ ಆಗಿದ್ದೀನಿ ಅಂತ ಹೇಗೆ ಗೊತ್ತಾಗಬೇಕು?

ಇದನ್ನ ಹಳೇ ಕಥೆ ಅನ್ನಬೇಡಿ. ಏಳು ವರ್ಷದ ನಂತರ, 2019ರ ಜೂನ್‌ನಲ್ಲಿ, ಅದೇ ಲೇಡಿ ಕರ್ಜನ್ ರೋಡಲ್ಲಿ ಐಎಂಎ ಬಾಗಿಲ ಮುಂದೆ ಜನ ಅಳ್ತಾ ನಿಂತಿದ್ದನ್ನ ನಾವೆಲ್ಲ ನೋಡಿದ್ದೀವಿ. ಅಲ್ಲಿ ಹಕ್ಕಿ ಬದಲು ಚಿನ್ನ. ಈಗ ನಿಮ್ಮ ಟೆಲಿಗ್ರಾಂಗೆ ಬರೋ ಮೆಸೇಜಲ್ಲಿ ಇನ್ನೇನೋ. ಕರ್ನಾಟಕದಲ್ಲಿ ಠೇವಣಿದಾರರ ಹಿತರಕ್ಷಣೆಗೆ 2004ರ ಕೆಪಿಐಡಿ ಕಾಯ್ದೆ ಇದೆ, ದೇಶಕ್ಕೆಲ್ಲ ಅನಿಯಂತ್ರಿತ ಠೇವಣಿ ನಿಷೇಧಿಸೋ 2019ರ ಕಾಯ್ದೆಯೂ ಇದೆ. ಆದ್ರೆ ಜನಕ್ಕೆ ಕಾನೂನು ನೆನಪಾಗೋದು ಸಾಮಾನ್ಯವಾಗಿ ದುಡ್ಡು ಹೋದ ಮೇಲೆ. ದುಡ್ಡು ಹೋಗೋಕೆ ಮುಂಚೆ ಕೇಳಬೇಕಾದ್ದು ಎರಡೇ ಪ್ರಶ್ನೆ. ಇದರ ಕೊನೆಯ ಗಿರಾಕಿ ಯಾರು? ನನಗೆ ಕೊಡೋ ದುಡ್ಡು ಅವನ ಜೇಬಿಂದ ಬರ್ತಿದೆಯಾ, ಇಲ್ಲಾ ನನ್ನ ಹಿಂದೆ ಕ್ಯೂ ನಿಂತವನ ಜೇಬಿಂದಾನಾ?

ಈ ಎರಡು ಪ್ರಶ್ನೆಯನ್ನ ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೇಲಿ ಅಪ್ಪ ಅಮ್ಮನಿಗೂ ಹೇಳಿ. ಮೈಸೂರು ಝೂಗೆ ಹೋದ್ರೆ ಆಸ್ಟ್ರಿಚ್ ಮುಂದೆ ಐದು ನಿಮಿಷ ನಿಂತು ನೋಡಿ. ಅಪಾಯ ಬಂದ್ರೆ ಅದು ಮರಳಲ್ಲಿ ತಲೆ ಹುಗಿಯುತ್ತೆ ಅನ್ನೋದು ಸುಳ್ಳು. ಅದು ಓಡುತ್ತೆ, ಓಡೋಕೆ ಆಗದಿದ್ರೆ ಒದೆಯುತ್ತೆ. ಮುಂದಿನ ವಾರ ಸಿಗೋಣ.