ಗೋಡೆ ಪಕ್ಕದ ಟೇಬಲ್ಲು

ನಾನು ಲೇಖಕನಲ್ಲ, ಐಟಿಐ ಮುಗಿಸಿ ಗಲ್ಫಿಗೆ ಬಂದ ಎಲೆಕ್ಟ್ರಿಷಿಯನ್. ಹೋದ ವರ್ಷ ಒಂದು ದೊಡ್ಡ ಹೋಟೆಲಿನ ಸಭಾಂಗಣಕ್ಕೆ ಲೈಟ್ ಹಾಕುವ ಕೆಲಸ ಸಿಕ್ಕಿತ್ತು. ಮೂರು ವಾರ ಹಿಂದಿನ ಬಾಗಿಲಿಂದ ಹೋಗಿ ಹಿಂದಿನ ಬಾಗಿಲಿಂದಲೇ ಬಂದ್ವಿ. ಕೆಲಸಗಾರರಿಗೆ ಅದೇ ದಾರಿ, ಅದಕ್ಕೆ ಬೇಜಾರಿಲ್ಲ. ಆದ್ರೆ ಅದೇ ದಿನಗಳಲ್ಲಿ ಒಂದು ಶುಕ್ರವಾರ ರೂಮಿನಲ್ಲಿ 'ಗಾನ್ ವಿತ್ ದಿ ವಿಂಡ್' ಸಿನಿಮಾ ನೋಡಿದೆ. ಅದರಲ್ಲಿ ಮ್ಯಾಮಿ ಎಂಬ ಆಳಿನ ಪಾತ್ರ ಮಾಡಿದ ಹೆಂಗಸು ಯಾರು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ ಕಥೆ ಇದು.

ಆಕೆಯ ಹೆಸರು ಹ್ಯಾಟಿ ಮೆಕ್‌ಡೇನಿಯಲ್. ಹುಟ್ಟಿದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ವಿಚಿಟಾದಲ್ಲಿ, ಬೆಳೆದದ್ದು ಡೆನ್ವರ್ ಊರಲ್ಲಿ. ಅಪ್ಪ ಅವ್ವ ಇಬ್ಬರೂ ಗುಲಾಮರಾಗಿದ್ದವರು. ಅಪ್ಪ ಅಂತರ್ಯುದ್ಧದಲ್ಲಿ ಗುಲಾಮಗಿರಿ ವಿರುದ್ಧದ ಕಡೆಯ ಸೈನ್ಯದಲ್ಲಿ ಹೋರಾಡಿದ್ದ. ಹ್ಯಾಟಿ ಚಿಕ್ಕಂದಿನಿಂದಲೇ ಅಣ್ಣಂದಿರ ಜೊತೆ ನಾಟಕ ಕಂಪನಿಯಲ್ಲಿ ಹಾಡಿ, ಕುಣಿದು, ಊರೂರು ಅಲೆದಳು. 1929ರಲ್ಲಿ ಷೇರುಪೇಟೆ ಮುಳುಗಿದಾಗ ಕಂಪನಿಗಳೂ ಮುಳುಗಿದವು. ಆಗ ಮಿಲ್‌ವಾಕಿ ಹತ್ತಿರದ ಒಂದು ಕ್ಲಬ್ಬಿನಲ್ಲಿ ಶೌಚಾಲಯ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಮುಂದೆ ಅದೇ ಕ್ಲಬ್ಬಿನ ವೇದಿಕೆಯಲ್ಲಿ ಹಾಡುವ ಅವಕಾಶ ಸಿಕ್ಕಿತು. 1931ರಲ್ಲಿ ಲಾಸ್ ಏಂಜಲೀಸಿಗೆ ಬಂದಳು. ಸಿನಿಮಾ ಇಲ್ಲದ ದಿನ ಬೇರೆಯವರ ಮನೆಯಲ್ಲಿ ಕೆಲಸ ಮಾಡ್ತಿದ್ದಳು. ಸಿನಿಮಾ ಸಿಕ್ಕಿದಾಗಲೂ ಪಾತ್ರ ಹೆಚ್ಚಾಗಿ ಅದೇ ಮನೆಗೆಲಸದವಳದ್ದು!

1939ರ ಡಿಸೆಂಬರ್ 15ರಂದು ಅಟ್ಲಾಂಟಾ ನಗರದಲ್ಲಿ 'ಗಾನ್ ವಿತ್ ದಿ ವಿಂಡ್' ಮೊದಲ ಪ್ರದರ್ಶನ. ಬಿಳಿಯರು, ಕರಿಯರು ಒಟ್ಟಿಗೆ ಕೂರಬಾರದು ಅನ್ನೋ ಕಾನೂನು ಅಲ್ಲಿತ್ತು. ಹಾಗಾಗಿ ನಟಿಸಿದವಳೇ ಹೋಗೋಕಾಗಲಿಲ್ಲ. ಮುಂದೆ 1940ರ ಫೆಬ್ರವರಿ 29ರಂದು ಲಾಸ್ ಏಂಜಲೀಸಿನ ಅಂಬಾಸಡರ್ ಹೋಟೆಲಿನಲ್ಲಿ ಆಸ್ಕರ್ ಸಮಾರಂಭ. ಆ ಹೋಟೆಲು ಕರಿಯರನ್ನು ಒಳಗೆ ಬಿಡ್ತಿರಲಿಲ್ಲ. ನಿರ್ಮಾಪಕ ಸೆಲ್ಜ್‌ನಿಕ್ ಹೇಳಿಸಿ ಒಳಗೆ ಬಿಡಿಸಿದ. ಆದ್ರೆ ತನ್ನ ತಂಡದ ಜೊತೆ ಕೂರುವ ಹಾಗಿಲ್ಲ, ಗೋಡೆ ಪಕ್ಕ ಬೇರೆ ಸಣ್ಣ ಟೇಬಲ್ಲು. ಅವತ್ತು ಅತ್ಯುತ್ತಮ ಪೋಷಕ ನಟಿ ಅಂತ ಅವಳ ಹೆಸರು ಕೂಗಿದಾಗ ಎದ್ದು ಬಂದದ್ದು ಆ ಟೇಬಲ್ಲಿಂದ. ಆಸ್ಕರ್ ಪಡೆದ ಮೊದಲ ಕರಿಯ ಕಲಾವಿದೆ ಅವಳೇ. ಎರಡನೇ ಕರಿಯ ನಟಿ, ವೂಪಿ ಗೋಲ್ಡ್‌ಬರ್ಗ್, ಗೆಲ್ಲೋಕೆ 1991 ಆಗಬೇಕಾಯ್ತು.

ಇಷ್ಟಾದರೂ ಅವಳ ಜನರಲ್ಲೇ ಕೆಲವರಿಗೆ ಸಿಟ್ಟಿತ್ತು. ಈ ಸಿನಿಮಾ ಗುಲಾಮಗಿರಿಯನ್ನ ಚೆಂದ ಮಾಡಿ ತೋರಿಸುತ್ತೆ, ಆಳಿನ ಪಾತ್ರ ಮಾಡಿ ನಮ್ಮನ್ನ ಇನ್ನೂ ಕೆಳಗೆ ಇಡ್ತಾಳೆ ಅಂದರು. ಕರಿಯರ ಹಕ್ಕಿನ ಸಂಘಟನೆಯ ನಾಯಕ ವಾಲ್ಟರ್ ವೈಟ್ ಇಂಥ ಪಾತ್ರಗಳ ವಿರುದ್ಧ ಬಹಿರಂಗವಾಗಿ ಮಾತಾಡಿದ. ಅವರ ಮಾತು ತಪ್ಪು ಅನ್ನೋಕಾಗಲ್ಲ. ಆದ್ರೆ ನಮ್ಮ ಅವ್ವ ರಾಣೆಬೆನ್ನೂರಲ್ಲಿ ನಾಲ್ಕು ಮನೆಯ ಪಾತ್ರೆ ತಿಕ್ಕಿ ನನ್ನ ಐಟಿಐ ಫೀಸು ಕಟ್ಟಿದವಳು. ಒಂದು ಮನೆಯಲ್ಲಿ ಚಹಾ ಕೊಡುತ್ತಿದ್ದದ್ದು ಹಿತ್ತಲಲ್ಲಿ, ಬೇರೆ ಲೋಟದಲ್ಲಿ. ಆ ಲೋಟ ಇಟ್ಟವರದ್ದು ತಪ್ಪೇ ಹೊರತು ಚಹಾ ಕುಡಿದವಳದ್ದಲ್ಲ ಅಂತ ನನಗನ್ನಿಸುತ್ತೆ.

ಸಿನಿಮಾದ ಆಚೆ ಹ್ಯಾಟಿ ತಲೆ ಬಗ್ಗಿಸಲಿಲ್ಲ. ಲಾಸ್ ಏಂಜಲೀಸಿನ ಶುಗರ್ ಹಿಲ್‌ನಲ್ಲಿ ಮನೆ ತಗೊಂಡಾಗ ಬಿಳಿಯ ನೆರೆಯವರು ಕೋರ್ಟಿಗೆ ಹೋದರು. ಈ ಜಾಗ ಕರಿಯರಿಗೆ ಮಾರಬಾರದು ಅಂತ ಕರಾರುಪತ್ರ ಇದೆ ಅನ್ನೋದು ಅವರ ವಾದ. ಹ್ಯಾಟಿ, ಎಥೆಲ್ ವಾಟರ್ಸ್ ಮುಂತಾದವರು ಒಗ್ಗಟ್ಟಾಗಿ ನಿಂತು 1945ರಲ್ಲಿ ಕೇಸು ಗೆದ್ದರು. 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಇಂಥ ಕರಾರನ್ನು ಯಾವ ನ್ಯಾಯಾಲಯವೂ ಜಾರಿ ಮಾಡುವಂತಿಲ್ಲ ಎಂದು ಇನ್ನೊಂದು ಮೊಕದ್ದಮೆಯಲ್ಲಿ ಹೇಳಿತು.

1952ರಲ್ಲಿ ಸ್ತನ ಕ್ಯಾನ್ಸರಿಂದ ತೀರಿಕೊಂಡಳು. ಹಾಲಿವುಡ್ ಸ್ಮಶಾನದಲ್ಲಿ ಮಣ್ಣು ಮಾಡಿ ಅಂದಿದ್ದಳು. ಅಲ್ಲೂ ಕರಿಯರಿಗೆ ಜಾಗ ಕೊಡಲಿಲ್ಲ. 1999ರಲ್ಲಿ ಅಲ್ಲಿ ಅವಳ ಸ್ಮಾರಕ ನಿಂತಿತು. ಆ ಕಾಲದಲ್ಲಿ ಪೋಷಕ ನಟರಿಗೆ ಪೂರ್ತಿ ಪ್ರತಿಮೆ ಇರಲಿಲ್ಲ, ಸಣ್ಣ ಫಲಕ ಅಷ್ಟೆ. ಅದನ್ನು ಹೊವರ್ಡ್ ವಿಶ್ವವಿದ್ಯಾಲಯಕ್ಕೆ ಬಿಟ್ಟು ಹೋಗಿದ್ದಳು, ಅಲ್ಲಿಂದ ಕಾಣೆಯಾಯ್ತು. 2023ರಲ್ಲಿ ಅಕಾಡೆಮಿಯವರು ಬದಲಿ ಫಲಕ ಮಾಡಿಸಿ ಕೊಟ್ಟರು.

ಈ ಕಥೆಯನ್ನ ಫೋನಲ್ಲಿ ಅವ್ವಗೆ ಹೇಳಿದೆ. ಆಸ್ಕರ್ ಅಂದರೇನು ಅಂತ ಅವಳು ಕೇಳಲಿಲ್ಲ. "ಅವತ್ತು ಅಕಿಗೆ ಊಟ ಎಲ್ಲರ ಜೊತಿ ಹಾಕಿದ್ರೇನೋ?" ಅಂದಳು.

"ಅದೇ ಹಾಲಿನಲ್ಲೇ ಹಾಕಿದ್ರವ್ವ, ಆದ್ರೆ ಟೇಬಲ್ಲು ಬೇರೆ" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ನನಗೆ ಗೊತ್ತು ಬಿಡಪ್ಪ" ಅಂದಳು.